ಚಾಳೀಸು ಹಾಕಿಕೊಂಡ ಫೋನು: ಬ್ಯಾಡಗಿ ಮಾರ್ಕೆಟ್ಟಿನ ಒಂದು ಪ್ರಕರಣ

2012ರ ಜನವರಿ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಆವಕ ದಿನದಿಂದ ದಿನಕ್ಕೆ ಏರುತ್ತಿದ್ದ ಹೊತ್ತು. ಅಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಕಾಕಾನಿಗೆ ಹುಬ್ಬಳ್ಳಿಯಿಂದ ಒಂದು ಪುಟ್ಟ ಸ್ಮಾರ್ಟ್‌ಫೋನು ಆರಿಸಿಕೊಟ್ಟವನು ನಾನು. ಆರಿಸುವಾಗ ನನ್ನ ಮಟ್ಟಿಗೆ ಎಲ್ಲ ಪರೀಕ್ಷೆ ಮಾಡಿಯೇ ಆರಿಸಿದ್ದೆ. ಯುಗಾದಿ ಹೊತ್ತಿಗೆ ಆ ಪರೀಕ್ಷೆಯಲ್ಲಿ ಏನೇನು ಬಿಟ್ಟುಹೋಗಿತ್ತು ಎನ್ನುವುದು ಒಂದೊಂದಾಗಿ ಹೊರಗೆ ಬಂತು. ಆ ಮೂರು ತಿಂಗಳು ನಾನೊಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದೆ. ಇದು ಅದರಿಂದ ಬರೆದದ್ದು.

ಫೋನಿನ ಕಂಪನಿ ಹೆಸರು ಇಲ್ಲಿ ಬೇಡ. ಆ ವರ್ಷ ಏಳೆಂಟು ಸಾವಿರದ ಒಳಗೆ ಸಿಗುತ್ತಿದ್ದ ಪುಟ್ಟ ಆಂಡ್ರಾಯ್ಡ್ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ಕಣದ ಕಾಳು. ಮೂರಿಂಚಿನ ಪರದೆ, ಅದರಲ್ಲಿ 240ಕ್ಕೆ 320 ಚುಕ್ಕೆ (ಪಿಕ್ಸೆಲ್), ಆಂಡ್ರಾಯ್ಡ್ 2.3, 1200 ಎಂಎಎಚ್ ಸೆಲ್ಲು, 2 ಮೆಗಾಪಿಕ್ಸೆಲ್ ಕ್ಯಾಮೆರಾ, ತೂಕ ನೂರು ಗ್ರಾಂ ಆಸುಪಾಸು. ಇವತ್ತಿನ ಹುಡುಗರ ಕೈಗೆ ಕೊಟ್ಟರೆ ಆಟಿಕೆ ಅಂದುಕೊಂಡಾರು.

ಕಾಕಾನ ಹತ್ತಿರ ಅಲ್ಲಿಯವರೆಗೆ ಇದ್ದದ್ದು ನೋಕಿಯಾ 1100. 2003ರಲ್ಲಿ ಬಂದ, ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಅದೇ ಫೋನು. ನೆತ್ತಿಯ ಮೇಲೆ ಬೆಳಕು, ಧೂಳು ಒಳಗೆ ಇಳಿಯದಂತೆ ಇಡಿಯಾಗಿ ಹೊದಿಸಿದ ರಬ್ಬರಿನ ಕೀಲಿಮಣೆ, ಕೈ ಬೆವರಿದರೂ ಜಾರದ ಬದಿಗಳು. ಮೆಣಸಿನಕಾಯಿ ಮಾರ್ಕೆಟ್ಟಿಗೆ ಅಂತಲೇ ಯಾರೋ ಕೂತು ಮಾಡಿದಂತಿತ್ತು. ಒಂದೇ ಕೊರತೆ ಅಂದರೆ ಅದರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು 50 ಹೆಸರು. ಉಳಿದವು ಸಿಮ್ಮಿನಲ್ಲಿ, ಅದೂ ತುಂಬಿದ ಮೇಲೆ ಒಳಂಗಿಯ ಕಿಸೆಯ ಡೈರಿಯಲ್ಲಿ.

ಒಳಂಗಿಯ ಕಿಸೆಯ ಮಾತು ಬಂತು, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಳೇ ವ್ಯಾಪಾರಸ್ಥರು ಅಂಗಿಯ ಕಿಸೆಯನ್ನು ನಂಬುವವರಲ್ಲ. ಒಳಗೆ ಹೊಲಿಸಿದ ಬನಿಯನ್ನಿಗೆ ಎದೆಯ ಮೇಲೊಂದು ಕಿಸೆ ಇರುತ್ತದೆ. ನೋಟು, ಗಲ್ಲಾದ ಕೀಲಿಕೈ, ಡೈರಿ ಎಲ್ಲ ಅದರಲ್ಲೇ. ಫೋನೂ ಅಲ್ಲೇ ಕೂರಬೇಕು. ಕಾಕಾ ಹಾಕಿದ್ದ ಷರತ್ತು ಇದೊಂದೇ. “ಕಿಸೇದಾಗ ಹೋಗೂವಂಥಾದ್ದು ತಗೊಂಡ ಬಾ. ಉಳದದ್ದು ನಿನಗ ತಿಳೀತೈತಿ.” ಉಳಿದದ್ದು ನನಗೆ ತಿಳಿಯುತ್ತದೆ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಸ್ಮಾರ್ಟ್‌ಫೋನು ಯಾಕೆ ಬೇಕಾಯಿತು ಅಂದರೆ ಕೊಚ್ಚಿ ಕಡೆಯ ಒಬ್ಬ ಖರೀದಿದಾರರಿಂದ. ಬ್ಯಾಡಗಿ ಕಾಯಿಯ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. ಅದರ ಕೆಂಪನ್ನು ಹಿಂಡಿ ಓಲಿಯೋರೆಸಿನ್ ಎಂಬ ಸತ್ವ ತೆಗೆಯುವ ಕಾರ್ಖಾನೆಗಳು ಕೇರಳದಲ್ಲಿವೆ, ಅಲ್ಲಿಗೆ ಇಲ್ಲಿಂದ ಮಾಲು ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಮೇಲೆ ಹೊರಗಿನವರ ವಿಚಾರಣೆ ಇನ್ನಷ್ಟು ಹೆಚ್ಚಿತ್ತು ಅನ್ನುವುದು ಕಾಕಾನ ಅಂಬೋಣ. ಆ ಖರೀದಿದಾರರು ಪ್ರತಿ ಲಾಟಿಗೂ, ಅಂದರೆ ಮಾರಾಟಕ್ಕಿಟ್ಟ ಒಂದೊಂದು ರಾಶಿಗೂ, ಸ್ಯಾಂಪಲ್ ತರಿಸಿಕೊಂಡು ಬೇಸತ್ತು, “ಮೊದಲು ಫೋಟೋ ಕಳಿಸಿ, ಹಿಡಿಸಿದರೆ ಸ್ಯಾಂಪಲ್ ಕೇಳುತ್ತೇನೆ” ಅಂದಿದ್ದರು. ಅಂದರೆ ಈ ಫೋನಿನ ಮುಖ್ಯ ಕೆಲಸ ಒಂದೇ ಒಂದು. ಮೆಣಸಿನಕಾಯಿಯ ಫೋಟೋ ತೆಗೆದು ಕಳಿಸುವುದು.

ಇದು ನನಗೆ ಗೊತ್ತಿದ್ದೂ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ನಿಂತಾಗ ನಾನು ಕೇಳಿದ ಮೊದಲ ಪ್ರಶ್ನೆ, “ಪ್ರೊಸೆಸರ್ ಎಷ್ಟು ಮೆಗಾಹರ್ಟ್ಸ್ ರಿ?”

ಗಾಜಿನ ಮೇಜಿನ ಮೇಲೆ ಎರಡು ಫೋನು ಇಟ್ಟರು. ಒಂದು ನಾನು ಕೊಂಡದ್ದು. ಇನ್ನೊಂದು 2010ರ ಎಚ್‌ಟಿಸಿ ವೈಲ್ಡ್‌ಫೈರ್. ಇದರ ಪರದೆ 3.2 ಇಂಚು, ಚುಕ್ಕೆಗಳು ಅಷ್ಟೇ, ಪ್ರೊಸೆಸರ್ 528 ಮೆಗಾಹರ್ಟ್ಸ್. ಕ್ಯಾಮೆರಾ ಮಾತ್ರ 5 ಮೆಗಾಪಿಕ್ಸೆಲ್, ಆಟೋಫೋಕಸ್, ಪಕ್ಕದಲ್ಲಿ ಎಲ್‌ಇಡಿ ಫ್ಲ್ಯಾಶ್. ಕಿಮ್ಮತ್ತು ಜಾಸ್ತಿ. ನಾನು ಎರಡರಲ್ಲೂ ಮೆನು ಮೇಲೆ ಕೆಳಗೆ ಜಾರಿಸಿದೆ, ಒಂದೇ ಪುಟವನ್ನು ಎರಡರಲ್ಲೂ ತೆರೆದು ಯಾವುದು ಮೊದಲು ಬರುತ್ತದೆ ನೋಡಿದೆ, ಆಟವೊಂದನ್ನು ಆಡಿದೆ. 800 ಮೆಗಾಹರ್ಟ್ಸ್‌ನ ಮೇಲಿದ್ದದ್ದು, ನಾನು ಕೊಂಡದ್ದು, ಗೆದ್ದಿತು. ವೈಲ್ಡ್‌ಫೈರ್ ತೂಕ 118 ಗ್ರಾಂ, ಕಿಸೆಗೆ ಭಾರ ಅಂತಲೂ ಮನಸ್ಸಿಗೆ ಒಂದು ಸಮಜಾಯಿಷಿ ಕೊಟ್ಟುಕೊಂಡೆ. ಕ್ಯಾಮೆರಾ ಎರಡರಲ್ಲೂ ‘ಇದೆ’ ಎಂದು ನೋಡಿದೆನೇ ಹೊರತು ಒಂದು ಫೋಟೋ ತೆಗೆದು ನೋಡಲಿಲ್ಲ. ಅಂಗಡಿಯಲ್ಲಿ ತೆಗೆಯಲಿಕ್ಕೆ ಇದ್ದದ್ದಾದರೂ ಏನು, ಅಂಗಡಿಯವನ ಮುಖ.

ಮರುದಿನ ಪ್ಯಾಸೆಂಜರ್ ಗಾಡಿ ಹಿಡಿದು ಬ್ಯಾಡಗಿಗೆ ಹೋದೆ.

ಕಾಕಾ ಫೋನನ್ನು ಕೈಯಲ್ಲಿ ಅತ್ತಿತ್ತ ತಿರುವಿದರು, ಕಿಸೆಗೆ ಇಳಿಸಿ ತೆಗೆದರು, ತಲೆಯಾಡಿಸಿದರು. ಆಮೇಲೆ ಕೇಳಿದ ಮೊದಲ ಮಾತು:

“ಚಲೋ ಐತಿ. ಇದರಾಗ ಬ್ಯಾಟ್ರಿ ಎಲ್ಲೈತೋ ತಮ್ಮಾ?”

ನಾನು ಉಗುರು ಸಿಕ್ಕಿಸಿ ಹಿಂದಿನ ಮುಚ್ಚಳ ಎಬ್ಬಿಸಿದೆ, ಸೆಲ್ಲು ಹೊರಗೆ ತೆಗೆದು ತೋರಿಸಿದೆ. “ಇಲ್ಲೈತಿ ನೋಡ್ರಿ ಕಾಕಾ. 1200 ಎಂಎಎಚ್. ನಿಮ್ಮ ಹಳೇದರಾಗ 850 ಇತ್ತು.”

ಕಾಕಾ ಸೆಲ್ಲನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. “ಅದಲ್ಲೋ ಮಾರಾಯಾ. ಬ್ಯಾಟ್ರಿ. ಬೆಳಕ.”

ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚು. ಇಪ್ಪತ್ತು ವರ್ಷ ಆ ಮಾತಿನಲ್ಲೇ ಬೆಳೆದವನು, ನಾಲ್ಕು ವರ್ಷ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆದದ್ದಕ್ಕೆ ಮರೆತಿದ್ದೆ. ಹೊಸ ಫೋನಿಗೆ ಫ್ಲ್ಯಾಶೇ ಇಲ್ಲ, ಬೆಳಕು ಎಲ್ಲಿಂದ ಬರಬೇಕು? ಪರದೆಯನ್ನು ಪೂರ್ತಿ ಬಿಳಿ ಮಾಡುವ ಒಂದು ಆ್ಯಪ್ ಹಾಕಿಕೊಟ್ಟೆ. ಮುಂಜಾನೆ ನಾಲ್ಕಕ್ಕೆ ಟೆಂಪೋ ಬಂದಾಗ, ಕರೆಂಟೂ ಹೋಗಿದ್ದಾಗ, ಚೀಲದ ಬಾಯಿ ಬಿಚ್ಚಿ ಕಾಯಿ ನೋಡಬೇಕು. ಆ ಬಿಳಿ ಪರದೆ ಹಿಡಿದರೆ ಕಾಕಾನ ಮುಖ ಬೆಳಗುತ್ತಿತ್ತು, ಚೀಲ ಕತ್ತಲಲ್ಲೇ ಇರುತ್ತಿತ್ತು. ಹಮಾಲರು ನಕ್ಕರು. ಎರಡನೇ ದಿನಕ್ಕೆ ನೋಕಿಯಾ ಮತ್ತೆ ಹೊರಗೆ ಬಂತು, ‘ಬರೇ ಬೆಳಕಿಗಷ್ಟ’ ಎಂಬ ನೆಪದ ಮೇಲೆ.

ಬೆರಳಿನ ಮಾತು. ಮೂರಿಂಚಿನ ಪರದೆಯ ಅಗಲ ಸುಮಾರು 46 ಮಿಲಿಮೀಟರ್. ಅದರಲ್ಲಿ ಒಂದು ಸಾಲಿಗೆ ಹತ್ತು ಇಂಗ್ಲಿಷ್ ಅಕ್ಷರ ಹರಡಿದರೆ ಒಂದೊಂದು ಕೀಲಿಗೆ ಸಿಗುವುದು ನಾಲ್ಕೂವರೆ ಮಿಲಿಮೀಟರ್. ಕಾಕಾನ ಹೆಬ್ಬೆರಳನ್ನು ಸ್ಕೇಲ್ ಹಿಡಿದು ಅಳೆದೆ, 22 ಇತ್ತು. ಒಂದು ಸಲ ಊರಿದರೆ ನಾಲ್ಕೈದು ಅಕ್ಷರಕ್ಕೆ ಒಟ್ಟಿಗೇ ಸಂತರ್ಪಣೆ. ಇದಕ್ಕೆ ಮದ್ದು ಫೋನಿನಲ್ಲೇ ಇತ್ತು, ನನಗೆ ಕಾಣಲಿಕ್ಕೆ ಒಂದು ವಾರ ಬೇಕಾಯಿತು: ಕೀಲಿಮಣೆಯ ಸೆಟ್ಟಿಂಗಿನಲ್ಲಿ ಹಳೇ ಫೋನಿನಂತೆ ಹನ್ನೆರಡು ಗುಂಡಿಯ ಜೋಡಣೆ. ಗುಂಡಿ ಒಂದಕ್ಕೆ ಮೂರು ಪಟ್ಟು ಅಗಲ. ಅದನ್ನು ಹಾಕಿದ ಕೂಡಲೇ ಕಾಕಾನ ಹೆಬ್ಬೆರಳಿಗೆ ಒಂಬತ್ತು ವರ್ಷದ ರೂಢಿ ನೆನಪಾಯಿತು, ನೋಡದೆಯೇ ಒತ್ತತೊಡಗಿದರು. ಪುಟ್ಟ ಪರದೆಯಲ್ಲಿ ಬರೆಯಲಿಕ್ಕೆ ಆಗುವುದಿಲ್ಲ ಅಂತ ಹೇಳುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಆಗುತ್ತದೆ, ದೊಡ್ಡ ಪರದೆಯ ಕೀಲಿಮಣೆಯನ್ನು ಅದರ ಮೇಲೆ ಹೇರದಿದ್ದರೆ.

ಇನ್ನೊಂದು ತೊಡಕು ನಾನು ಕನಸಿನಲ್ಲೂ ಎಣಿಸದದ್ದು. ಎಷ್ಟೋ ಸಲ ಕಾಕಾನ ಬೆರಳು ತಾಗಿದರೂ ಪರದೆಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಮುಟ್ಟಿದರೆ ಸರಿಯಾಗಿ ನಡೆಯುವುದು, ಅವರು ಮುಟ್ಟಿದರೆ ಸುಮ್ಮನೆ. ಈ ಪರದೆಗಳು ಒತ್ತಡವನ್ನು ಅಳೆಯುವುದಿಲ್ಲ. ಚರ್ಮ ಹತ್ತಿರ ಬಂದಾಗ ವಿದ್ಯುತ್ತಿನಲ್ಲಿ ಆಗುವ ಸಣ್ಣ ಏರುಪೇರನ್ನು ಹಿಡಿಯುತ್ತವೆ. ಮೂವತ್ತು ವರ್ಷ ಒಣಕಾಯಿ ಹಿಚುಕಿ ನೋಡಿ ದಡ್ಡುಗಟ್ಟಿದ, ಎಣ್ಣೆ ನೀರು ಆರಿದ ಬೆರಳ ತುದಿಗೆ ಆ ಏರುಪೇರು ಮಾಡುವ ಶಕ್ತಿ ಕಡಿಮೆ. ಕಾಕಾ ಗಟ್ಟಿಯಾಗಿ ಒತ್ತುತ್ತಿದ್ದರು, ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದರು. ಪರಿಹಾರ ಗಾದಿಯ ಪಕ್ಕದಲ್ಲೇ ಇತ್ತು. ನೋಟು ಎಣಿಸಲಿಕ್ಕೆ ಇಟ್ಟ ಒದ್ದೆ ಸ್ಪಂಜಿನ ಡಬ್ಬಿ. ಒಮ್ಮೆ ಬೆರಳು ತಾಗಿಸಿ, ಪಂಚೆಗೆ ಒರೆಸಿ, ಆಮೇಲೆ ಪರದೆ ಮುಟ್ಟಿದರೆ ತಕ್ಷಣ ಕೆಲಸ. ಪೂರ್ತಿ ಒದ್ದೆ ಇದ್ದರೆ ಮತ್ತೆ ಗೊಂದಲ. ಕಾಕಾ ಆ ಹದವನ್ನು ಎರಡು ದಿನದಲ್ಲಿ ಹಿಡಿದರು, ನನಗೆ ಇವತ್ತಿಗೂ ಬಂದಿಲ್ಲ.

ಘಾಟಿನ ಬಗ್ಗೆ ಒಂದೇ ಮಾತು: ಅವರ ಫೋನು ಕಿವಿಗೆ ಹಿಡಿದು ಮಾತಾಡಿದ ಯಾರೂ ಆಮೇಲೆ ಅರ್ಧ ಗಂಟೆ ಕಣ್ಣು ಮುಟ್ಟಿಕೊಳ್ಳಬಾರದು.

ಸೆಲ್ಲಿನ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ, ಓಡಿಸಿಬಿಡುತ್ತೇನೆ. ನೋಕಿಯಾ ನಾಲ್ಕೈದು ದಿನ ಬರುತ್ತಿತ್ತು. ಇದು ನೆಟ್ ಹಚ್ಚಿದರೆ ಸಂಜೆಗೆ ಮಲಗುತ್ತಿತ್ತು, ನೆಟ್ ತೆಗೆದರೆ ಎರಡನೇ ದಿನ ಮಧ್ಯಾಹ್ನದವರೆಗೆ. ಬೇಕಾದಾಗಷ್ಟೇ ನೆಟ್ ಹಚ್ಚುವ ಗುಂಡಿಯನ್ನು ಮುಂದಿನ ಪರದೆಗೆ ತಂದಿಟ್ಟೆ. ಇನ್ನೊಂದು ಸೆಲ್ಲು ಕೊಂಡು ಗಲ್ಲಾದಲ್ಲಿಟ್ಟೆವು, ಮುಚ್ಚಳ ತೆಗೆದು ಬದಲಿಸಿದರೆ ಮುಗಿಯಿತು. ಈಗಿನ ಫೋನುಗಳಲ್ಲಿ ಈ ಸುಖ ಇಲ್ಲ.

ಕನ್ನಡದ ವಿಷಯಕ್ಕೆ ಬಂದರೆ ನನಗೆ ಇನ್ನೂ ಸಿಟ್ಟಿದೆ. ಜಗತ್ತಿನ ಲಿಪಿಗಳಿಗೆಲ್ಲ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕು ಆಗಲೇ ಇಪ್ಪತ್ತು ವರ್ಷ. ಆದರೂ ಕಾಕಾನ ಫೋನಿನಲ್ಲಿ ಕನ್ನಡ ಪತ್ರಿಕೆಯ ಪುಟ ತೆರೆದರೆ ಸಾಲುಸಾಲು ಖಾಲಿ ಡಬ್ಬಿ. ಲಿಪಿಯ ಫಾಂಟು ಒಳಗೆ ಸೇರಿಸಿದರೆ ಮುಗಿಯುವ ಕೆಲಸವೂ ಅಲ್ಲ ಇದು. ಒತ್ತಕ್ಷರವನ್ನು ಎಲ್ಲಿ ಕೂರಿಸಬೇಕು, ಗುಣಿತ ಎಲ್ಲಿ ಸೇರಬೇಕು ಎಂದು ತಿಳಿದ ಜೋಡಣೆಯ ಯಂತ್ರ ಸಾಫ್ಟ್‌ವೇರಿನೊಳಗೆ ಬೇಕು. ಅದಿಲ್ಲದಿದ್ದರೆ ‘ಬ್ಯಾಡಗಿ’ ಎಂಬ ಊರಿನ ಬ ಒಂದು ಕಡೆ, ಯ ಇನ್ನೊಂದು ಕಡೆ ಬಿದ್ದಿರುತ್ತದೆ. ಆಂಡ್ರಾಯ್ಡಿನಲ್ಲಿ ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಆ ವ್ಯವಸ್ಥೆ ಬಂದದ್ದು 4.1ರಲ್ಲಿ, 2012ರ ನಡುವಿನಲ್ಲಿ. ನಾನು ಕೊಂಡು ಆರು ತಿಂಗಳ ಮೇಲೆ. ಕಾಕಾನ 2.3ಕ್ಕೆ ಅದು ಇಳಿದು ಬರುವ ಮಾತೇ ಇರಲಿಲ್ಲ.

ಆಗ ನಮ್ಮನ್ನು ಕಾಪಾಡಿದ್ದು ಒಪೆರಾ ಮಿನಿ ಎಂಬ ಬ್ರೌಸರ್. ಅದರ ವಿಳಾಸದ ಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಒಂದು ಗುಪ್ತ ಪುಟ ತೆರೆಯುತ್ತಿತ್ತು. ಅದರ ತಳದಲ್ಲಿ, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಅನ್ನುವ ಅರ್ಥದ ಒಂದು ಸಾಲು. ಅಲ್ಲಿ ‘ಹೌದು’ ಅಂದರೆ ಅವರ ಸರ್ವರಿನಲ್ಲೇ ಕನ್ನಡ ಜೋಡಣೆಯಾಗಿ, ಅಕ್ಷರ ಚಿತ್ರವಾಗಿ ಫೋನಿಗೆ ಬರುತ್ತಿತ್ತು. ಆ ಕಾಲದಲ್ಲಿ ಈ ಗುಟ್ಟು ಒಬ್ಬರಿಂದ ಒಬ್ಬರಿಗೆ ಮಂತ್ರದ ಹಾಗೆ ಹಬ್ಬಿತ್ತು. ಕಾಕಾ ಮಧ್ಯಾಹ್ನ ಊಟವಾದ ಮೇಲೆ ಗಾದಿಗೆ ಒರಗಿ ಪೇಪರ್ ಓದತೊಡಗಿದರು, ಹುರಿಗಡಲೆಯಷ್ಟು ಅಕ್ಷರಗಳಲ್ಲಿ. ಮೆಸೇಜು ಮಾತ್ರ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೇ ಉಳಿಯಿತು. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಮೆಸೇಜಿಗೆ 160ರ ಬದಲು 70 ಅಕ್ಷರವಷ್ಟೇ ಹಿಡಿಯುತ್ತದೆ ಎಂದು ಕೇಳಿದಾಗ ಕಾಕಾ, “ಕನ್ನಡಕ್ಕ ಡಬಲ್ ಹಮಾಲಿ ಏನೋ?” ಅಂದರು. ಡಬಲ್‌ಗಿಂತ ಜಾಸ್ತಿಯೇ.

ಫೆಬ್ರುವರಿಯ ಒಂದು ಗುರುವಾರ ನಡೆದದ್ದನ್ನು ಕಾಕಾ ಇನ್ನೂ ನನ್ನ ಲೆಕ್ಕಕ್ಕೆ ಬರೆದಿಟ್ಟಿದ್ದಾರೆ. ಕೊಚ್ಚಿಯವರು ಒಂದು ಲಾಟಿಗೆ ದರ ಹೇಳಿ ಎರಡು ಸಲ ಮೆಸೇಜು ಹಾಕಿದ್ದರು. ಇಲ್ಲಿ ಒಂದೂ ಬರಲಿಲ್ಲ. ಕಾಕಾ ಕಾದು, ಅವರಿಗೆ ಮನಸ್ಸಿಲ್ಲ ಅಂದುಕೊಂಡು ಲಾಟನ್ನು ಬೇರೆಯವರಿಗೆ ಬಿಟ್ಟರು. ಸಂಜೆ ಫೋನಿನಲ್ಲಿ ಎರಡೂ ಕಡೆ ಬಿಸಿ ಮಾತು. ನಾನು ಶನಿವಾರ ಬಂದು ನೋಡಿದರೆ ಪರದೆಯ ಮೇಲಂಚಿನಲ್ಲಿ ಎಳ್ಳಿನಷ್ಟು ದೊಡ್ಡ ಒಂದು ಗುರುತು: ಜಾಗ ತುಂಬಿದೆ. ಆ ಫೋನಿನೊಳಗೆ ಬಳಸಲಿಕ್ಕೆ ಇದ್ದ ಜಾಗ 200 ಎಂಬಿಗೂ ಕಡಿಮೆ. ನಾನು ಚಂದ ಕಾಣಲಿ ಅಂತ ನಕಾಶೆ, ನಿಘಂಟು, ಎರಡು ಆಟ, ಎರಡೆರಡು ಬ್ರೌಸರ್ ತುಂಬಿಸಿಟ್ಟಿದ್ದೆ. ಒಳಜಾಗ ಒಂದು ಮಟ್ಟಕ್ಕಿಂತ ಇಳಿದರೆ ಆಗಿನ ಆಂಡ್ರಾಯ್ಡ್ ಹೊಸ ಮೆಸೇಜನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 8 ಜಿಬಿ ಕಾರ್ಡು ಬಹುಪಾಲು ಖಾಲಿಯೇ ಇತ್ತು, ಉಪಯೋಗ ಸೊನ್ನೆ. ಕಾಕಾನಿಗೆ ಹೇಗೆ ಹೇಳುವುದೆಂದು ಯೋಚಿಸಿ, “ಗೋಡೌನ್ ಖಾಲಿ ಐತ್ರಿ, ಆದ್ರ ಗಲ್ಲಾ ತುಂಬಿತ್ತು” ಅಂದೆ.

“ಗಲ್ಲಾ ತುಂಬಿಸಿದವ್ರು ಯಾರು?”

ನಾನು. ಆಟ, ನಿಘಂಟು, ನಕಾಶೆ ಎಲ್ಲ ಕಿತ್ತೆ. ಕಾರ್ಡಿಗೆ ಸಾಗಿಸಲು ಬರುವಂಥವನ್ನು ಸಾಗಿಸಿದೆ; ಆ ಸೌಲಭ್ಯ 2.2ರಿಂದ ಇತ್ತು, ಆದರೆ ಎಲ್ಲ ಆ್ಯಪುಗಳೂ ಕದಲುತ್ತಿರಲಿಲ್ಲ. ಆಮೇಲೆ ಮೆಸೇಜು ತಪ್ಪಲಿಲ್ಲ.

ಈಗ ಫೋಟೋ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ.

ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಜಾತಿ ಹೆಸರುವಾಸಿ. ಡಬ್ಬಿ ಗಿಡ್ಡ, ಹೊಟ್ಟೆ ಉಬ್ಬಿದ್ದು, ಬೀಜ ಹೆಚ್ಚು. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ತಿಳಿದವರು ಕಾಯಿಯಲ್ಲಿ ನೋಡುವುದೇ ಆ ಸುಕ್ಕನ್ನು, ಸುಕ್ಕಿನ ಇಳಿಜಾರಿನಲ್ಲಿ ಕೆಂಪು ಕಪ್ಪಿಗೆ ತಿರುಗುವ ಬಗೆಯನ್ನು, ತೊಟ್ಟಿನ ಬಣ್ಣವನ್ನು. ನಾನು ಮೊದಲ ದಿನ ಒಂದು ಹಿಡಿ ಕಡ್ಡಿ ಕಾಯಿಯನ್ನು ತಟ್ಟೆಯಲ್ಲಿಟ್ಟು ಒಂದು ಗೇಣು ಎತ್ತರದಿಂದ ಫೋಟೋ ತೆಗೆದೆ. ಬಂದದ್ದು ಟೊಮ್ಯಾಟೊ ಸಾರು. ಇನ್ನೊಂದು ತೆಗೆದೆ, ಅದೇ ಸಾರು. ಕೈ ನಡುಗಿರಬೇಕು ಎಂದು ಉಸಿರು ಬಿಗಿಹಿಡಿದು ತೆಗೆದೆ. ಸಾರು ಇನ್ನಷ್ಟು ಕುದಿದಿತ್ತು.

ಕೈಯ ತಪ್ಪಲ್ಲ. ಆ ಕ್ಯಾಮೆರಾದ ಗಾಜು ಒಂದೇ ಕಡೆ ಕೂತದ್ದು, ಅಲುಗುವುದಿಲ್ಲ. ದೂರದ ಮನುಷ್ಯ, ಮನೆ, ಮರ ನಿಚ್ಚಳ ಕಾಣಲಿ ಎಂದು ಕಾರ್ಖಾನೆಯಲ್ಲೇ ಬಿಗಿದು ಕಳಿಸಿರುತ್ತಾರೆ. ಮೀಟರಿಗಿಂತ ಹತ್ತಿರ ಬಂದದ್ದೆಲ್ಲ ಮಸುಕು. ಸರಿ, ಒಂದು ಮೀಟರ್ ಹಿಂದೆ ಸರಿದು ತೆಗೆದೆ. ರಾಶಿ ನಿಚ್ಚಳ ಬಂತು, ಆದರೆ ಕಾಯಿಗಳಿಗೆ ಮೈಯೇ ಇರಲಿಲ್ಲ. ಲೆಕ್ಕ ಹಾಕಿದೆ. 2 ಮೆಗಾಪಿಕ್ಸೆಲ್ ಫೋಟೋದ ಅಗಲ 1600 ಚುಕ್ಕೆ. ಒಂದು ಮೀಟರ್ ಅಗಲದ ರಾಶಿಗೆ ಅದನ್ನು ಹಂಚಿದರೆ ಮಿಲಿಮೀಟರಿಗೆ ಒಂದೂವರೆ ಚುಕ್ಕೆ. ಮಿಲಿಮೀಟರ್ ಅಗಲದ ಸುಕ್ಕನ್ನು ಒಂದೂವರೆ ಚುಕ್ಕೆಯಲ್ಲಿ ಯಾವ ದೇವರೂ ಬರೆಯಲಾರ.

ಬಣ್ಣದ್ದು ಬೇರೆ ಗೋಳು. ಬಿಸಿಲಿನಲ್ಲಿ ತೆಗೆದರೆ ಕೆಂಪು ತುಂಬಿ ತುಳುಕಿ, ಗೋಡೆಗೆ ಬಳಿದ ಬಣ್ಣದಂತೆ ಚಪ್ಪಟೆ. ನೆರಳಿನಲ್ಲಿ ತೆಗೆದರೆ ಕಾಯಿ ಮಾಸಿ, ಹಳೇ ವರ್ಷದ ಮಾಲಿನ ಹಾಗೆ. ಕ್ಯಾಮೆರಾ ತನ್ನ ಮುಂದಿನ ದೃಶ್ಯವನ್ನೆಲ್ಲ ಸರಾಸರಿ ಮಾಡಿ, ಯಾವ ಬಣ್ಣ ಅತಿಯಾಯಿತೋ ಅದನ್ನು ತಗ್ಗಿಸಲು ನೋಡುತ್ತದೆ. ಚೌಕಟ್ಟಿನ ತುಂಬ ಕೆಂಪೇ ಇದ್ದರೆ, ಇದು ದೀಪದ ದೋಷ ಎಂದುಕೊಂಡು ಕೆಂಪನ್ನೇ ಕತ್ತರಿಸುತ್ತದೆ. ಬಣ್ಣಕ್ಕೆ ಹೆಸರಾದ ಕಾಯಿಯ ಬಣ್ಣವನ್ನೇ! ಕಾಕಾನ ಬಿಳಿ ಪಂಚೆಯ ಅಂಚು ಅಕಸ್ಮಾತ್ ಮೂಲೆಯಲ್ಲಿ ಬಂದಿದ್ದ ಒಂದು ಫೋಟೋದಲ್ಲಿ ಮಾತ್ರ ಬಣ್ಣ ಸರಿಯಿತ್ತು. ಅಲ್ಲಿಂದ ರಾಶಿಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ತೆರೆದ ಬಾಗಿಲ ಒಳಗಿನ ನೆರಳಿನಲ್ಲಿ ತೆಗೆಯುವುದು ರೂಢಿಯಾಯಿತು.

ಸುಕ್ಕಿನ ಸಮಸ್ಯೆ ಹಾಗೇ ಉಳಿದಿತ್ತು. ಮೂರನೇ ವಾರ ಇರಬೇಕು, ನಾನು ಮತ್ತೆ ಒಂದು ಗೇಣಿನ ಫೋಟೋ ತೆಗೆದು ಕಾಕಾನಿಗೆ ತೋರಿಸಿದೆ. ಅವರು ಹಣೆಯ ಮೇಲಿದ್ದ ಚಾಳೀಸನ್ನು, ನಲವತ್ತು ದಾಟಿದವರು ಹತ್ತಿರದ್ದು ನೋಡಲು ಹಾಕುವ ಕನ್ನಡಕವನ್ನು, ಮೂಗಿಗೆ ಇಳಿಸಿ ನೋಡಿದರು. ಮಸುಕು.

“ದೂರಿಂದು ಛಂದ ಕಾಣತೈತಿ, ಹತ್ತಿರದ್ದು ಕಾಣಂಗಿಲ್ಲಲ್ಲೋ ಇದಕ್ಕ. ನನ್ನಂಗ. ಇದಕ್ಕೂ ಚಾಳೀಸ ಬಂದೈತಿ ತಗೋ.”

ನಾವಿಬ್ಬರೂ ನಕ್ಕೆವು. ನಗು ಮುಗಿಯುವ ಮೊದಲೇ ನನ್ನ ಕೈ ಅವರ ಮೂಗಿಗೆ ಹೋಗಿತ್ತು. ಕನ್ನಡಕ ತೆಗೆದು ಅದರ ಒಂದು ಗಾಜನ್ನು ಕ್ಯಾಮೆರಾದ ಕಣ್ಣಿಗೆ ಒತ್ತಿ ಹಿಡಿದೆ. ಒಂದು ಗೇಣಿನಲ್ಲಿ ಇನ್ನೂ ಮಸುಕು. ಮೆಲ್ಲಗೆ ಮೇಲೆತ್ತಿದೆ. ಒಂದೂವರೆ ಗೇಣು ದಾಟಿದ್ದೇ ತಡ, ಪರದೆಯಲ್ಲಿ ಕಡ್ಡಿ ಕಾಯಿಯ ಒಂದೊಂದು ಸುಕ್ಕೂ ಎದ್ದು ನಿಂತಿತು. ತೊಟ್ಟಿನ ಮೇಲಿನ ಧೂಳು ಸಹ.

ಇದರಲ್ಲಿ ಮಾಯ ಇಲ್ಲ, ಕಾಕಾನ ಕನ್ನಡಕದ ನಂಬರ್ ಪ್ಲಸ್ 2. ಆ ಗಾಜಿನ ನಾಭಿದೂರ 50 ಸೆಂಟಿಮೀಟರ್. ಎರಡು ಮೀಟರಿಗೆ ಬಿಗಿದ ಕಣ್ಣಿನ ಮುಂದೆ ಅದನ್ನಿಟ್ಟರೆ ನೋಟ ಸುಮಾರು 40 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಅಷ್ಟು ಹತ್ತಿರದಿಂದ ತೆಗೆದಾಗ ಮಿಲಿಮೀಟರಿಗೆ ನಾಲ್ಕು ಚುಕ್ಕೆ ಸಿಕ್ಕವು. ಸುಕ್ಕಿಗೆ ಅಷ್ಟು ಸಾಕು. ಮುಂದಿನ ವಾರ ಹುಬ್ಬಳ್ಳಿಯ ದುರ್ಗದ ಬೈಲಿನ ಫುಟ್‌ಪಾತಿನಲ್ಲಿ ಅದೇ ನಂಬರಿನ ಅಗ್ಗದ ಕನ್ನಡಕ ಕೊಂಡು, ಒಂದು ಗಾಜು ಬಿಡಿಸಿ, ರಬ್ಬರ್ ಬ್ಯಾಂಡಿನಿಂದ ಫೋನಿನ ಬೆನ್ನಿಗೆ ಕಟ್ಟಿಕೊಟ್ಟೆ. ಆ ಗಾಜು ಕಳೆದ ದಿನಗಳಲ್ಲಿ ಕಾಕಾ ತಮ್ಮ ಚಾಳೀಸನ್ನೇ ಹಿಡಿಯುತ್ತಿದ್ದರು.

ಕಳಿಸುವಾಗ ಇನ್ನೊಂದು ಪಾಠ. 2ಜಿಯಲ್ಲಿ ಪೂರ್ತಿ ಅಳತೆಯ ಫೋಟೋ ಹೋಗಲಿಕ್ಕೆ ಚಹಾ ಕುಡಿದು ಬರುವಷ್ಟು ಹೊತ್ತು. ವಾಟ್ಸಾಪಿನಲ್ಲಿ ಹಾಕಿದರೆ ಅದು ಫೋಟೋವನ್ನು ಕುಗ್ಗಿಸಿ, ಕಷ್ಟಪಟ್ಟು ಹಿಡಿದ ಸುಕ್ಕನ್ನು ಮತ್ತೆ ಇಸ್ತ್ರಿ ಮಾಡಿಬಿಡುತ್ತಿತ್ತು. ಆದ್ದರಿಂದ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಕಳಿಸಬೇಕು. ಕೊನೆಗೆ ಕಾಕಾ ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು: ಲಾಟಿಗೆ ಎರಡು ಫೋಟೋ. ಒಂದು ರಾಶಿಯದ್ದು. ಇನ್ನೊಂದು ಬಿಳಿ ಹಾಳೆಯ ಮೇಲೆ ಏಳು ಕಾಯಿ, ಅದರಲ್ಲಿ ಒಂದನ್ನು ಮುರಿದು ಬೀಜ ಕಾಣುವಂತೆ.

ಇಷ್ಟಾಗಿಯೂ ಸ್ಯಾಂಪಲ್ ಕಳಿಸುವುದು ನಿಲ್ಲಲಿಲ್ಲ. ಬಣ್ಣದ ಕಿಮ್ಮತ್ತನ್ನು ಕಾರ್ಖಾನೆಯವರು ಪ್ರಯೋಗಾಲಯದಲ್ಲಿ ಆಸ್ಟಾ ಎಂಬ ಅಳತೆಯಲ್ಲಿ ಕಂಡುಕೊಳ್ಳುತ್ತಾರೆ, ಅದು ಫೋಟೋದಲ್ಲಿ ಬರುವಂಥದ್ದಲ್ಲ. ಹಸಿ ಇದ್ದ ಕಾಯಿ ಫೋಟೋದಲ್ಲಿ ಒಣಕಾಯಿಗಿಂತ ಕಡುಗೆಂಪಾಗಿ, ಮೋಸ ಮಾಡುವಷ್ಟು ಚೆಂದ ಕಾಣುತ್ತದೆ. ಕಾಕಾ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುತ್ತಾರೆ. ಒಣಗಿದ್ದರೆ ಒಳಗೆ ಬೀಜ ಗಲಗಲ. ಆದರೆ ಹತ್ತು ಲಾಟಿಗೆ ಹತ್ತು ಪೊಟ್ಟಣ ಹೋಗುತ್ತಿದ್ದ ಕಡೆ ಮೂರೋ ನಾಲ್ಕೋ ಹೋಗತೊಡಗಿದವು. ಕೊಚ್ಚಿಯವರ ಮುನಿಸು ಇಳಿಯಿತು. ನನ್ನ ಮಟ್ಟಿಗೆ ಏಳು ಸಾವಿರಕ್ಕೆ ಅಷ್ಟು ಸಾಕು.

ಯುಗಾದಿಯ ದಿನ ಬೇವುಬೆಲ್ಲ ತಿಂದು ಕೂತಾಗ, ಈ ಫೋನನ್ನು ಮತ್ತೆ ಆರಿಸಬೇಕಾದರೆ ಏನು ನೋಡುತ್ತಿದ್ದಿರಿ ಎಂದು ಕಾಕಾನನ್ನು ಕೇಳಿದೆ. ಜನವರಿಯಲ್ಲಿ ಕೇಳಬೇಕಿದ್ದ ಪ್ರಶ್ನೆ. ಅವರು ಬೆರಳು ಮಡಚಿದರು. “ಕಿಸೇದಾಗ ಹೋಗಬೇಕು. ಬ್ಯಾಟ್ರಿ ಇರಬೇಕು. ಗದ್ದಲದಾಗ ಮಾತು ಕೇಳಬೇಕು. ಕಾಯಿ ಕಾಯಿ ಹಂಗ ಕಾಣಬೇಕು. ಮತ್ತೇನೋ? ಸಾಕು.” ಐದನೇ ಬೆರಳು ಮಡಚಲೇ ಇಲ್ಲ. ಮೆಗಾಹರ್ಟ್ಸಿಗೆ ಅಲ್ಲಿ ಜಾಗ ಇರಲಿಲ್ಲ.

ಆ ನಾಲ್ಕು ಬೆರಳಿಗೆ ಹಿಡಿದು ನೋಡಿದರೆ ಮೇಜಿನ ಮೇಲೆ ಬಿಟ್ಟು ಬಂದ ವೈಲ್ಡ್‌ಫೈರೇ ಸರಿ. ಬೆಳಕೂ ಇತ್ತು, ಹತ್ತಿರಕ್ಕೆ ಹೊಂದಿಕೊಳ್ಳುವ ಕಣ್ಣೂ ಇತ್ತು. ಅದರ ನಿಧಾನ ಕಾಕಾನಿಗೆ ತಿಳಿಯುತ್ತಲೂ ಇರಲಿಲ್ಲ. ಅವರು ಎರಡು ಬೆರಳಿನ ನಡುವೆ ಕಾಯಿ ಹಿಡಿದು ಒಂದು ನಿಮಿಷ ಯೋಚಿಸುವ ಮನುಷ್ಯ. ಪುಟ್ಟ ಫೋನು ಬೇಕೆಂದ ಕಾಕಾನ ಹಟ ತಪ್ಪಾಗಿರಲಿಲ್ಲ. ಪುಟ್ಟದರಲ್ಲಿ ಯಾವುದು ಎಂಬ ನನ್ನ ಲೆಕ್ಕ ತಪ್ಪಿತ್ತು. ಆ ಫೋನಿನ ಅತಿ ಒಳ್ಳೆಯ ಗುಣ ಅದರ ಅಳತೆಯೇ. ಒಳಂಗಿಯ ಕಿಸೆಯಲ್ಲಿ ಎದೆಗೆ ಅಂಟಿ ಕೂರುತ್ತಿತ್ತು, ಹರಾಜಿನ ಗಲಾಟೆಯಲ್ಲಿ ಗಂಟೆ ಕೇಳಿಸದಿದ್ದರೂ ನಡುಕ ತಿಳಿಯುತ್ತಿತ್ತು, ಒಂದು ಕೈಯಲ್ಲಿ ಚೀಲದ ಬಾಯಿ ಹಿಡಿದು ಇನ್ನೊಂದು ಕೈಯಲ್ಲೇ ಕರೆ ಎತ್ತಬಹುದಿತ್ತು. ಆಮೇಲೆ ಬಂದ ಐದಿಂಚಿನದ್ದಕ್ಕೆ ಕಾಕಾನ ಹೆಂಡತಿ ಚಿಗವ್ವ ಹೊಸ ಕಿಸೆ ಹೊಲಿಯಬೇಕಾಯಿತು.

ಕಾಕಾ ಎರಡು ವರ್ಷ ಎರಡೂ ಫೋನು ಇಟ್ಟುಕೊಂಡರು: ಮಾತಿಗೆ, ಬೆಳಕಿಗೆ ನೋಕಿಯಾ, ಫೋಟೋಕ್ಕೆ, ಪೇಪರಿಗೆ ಇದು. ದೊಡ್ಡದು ಬಂದ ಮೇಲೆ ಪುಟ್ಟದು ಚಿಗವ್ವನ ಅಡಿಗೆಮನೆಗೆ ಹೋಯಿತು, ರೇಡಿಯೋ ಅಂತ. ಅಲ್ಲೂ ನಾನು ಮುಖಭಂಗಕ್ಕೆ ಒಳಗಾದೆ. “ಧಾರವಾಡ ಹತ್ತಂಗಿಲ್ಲಲ್ಲೋ ಇದರಾಗ!” ಹತ್ತುವುದಿಲ್ಲ. ಚಿಗವ್ವ ಕೇಳಿಕೊಂಡು ಬಂದ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನ ಮಧ್ಯಮ ತರಂಗ, ಫೋನಿನಲ್ಲಿರುವುದು ಬರೇ ಎಫ್‌ಎಂ, ಅದೂ ಇಯರ್‌ಫೋನಿನ ವೈರು ಚುಚ್ಚಿದರೆ ಮಾತ್ರ. ಕಪಾಟಿನ ಮೇಲಿನ ಹಳೇ ರೇಡಿಯೋ ಮತ್ತೆ ಕೆಳಗಿಳಿಯಿತು. 2020ರ ಫೆಬ್ರುವರಿ 1ರಿಂದ ವಾಟ್ಸಾಪು 2.3ರ ಫೋನುಗಳಿಗೆ ಬಂದಾಯಿತು. 2021ರ ಸೆಪ್ಟೆಂಬರ್ 27ರ ಮೇಲೆ ಅದರಲ್ಲಿ ಗೂಗಲ್ ಖಾತೆಗೆ ಲಾಗಿನ್ ಆಗಲಿಕ್ಕೂ ಬರುವುದಿಲ್ಲ. ಆ ಹೊತ್ತಿಗೆ ಅದು ಗಲ್ಲಾದ ತಳದಲ್ಲಿ, ಸವಕಲು ನಾಣ್ಯಗಳ ಜೊತೆ ಇತ್ತು.

ಇದನ್ನು ಬರೆಯಬೇಕೆಂದು ಹೋದ ತಿಂಗಳು ಅದನ್ನು ಹೊರಗೆ ತೆಗೆಸಿದೆ. ಸೆಲ್ಲು ಉಬ್ಬಿತ್ತು, ತೆಗೆದು ಬಿಸಾಡಿದೆ. ರಬ್ಬರ್ ಬ್ಯಾಂಡು ಬೆನ್ನಿಗೆ ಕರಗಿ ಅಂಟಿತ್ತು. ಕಾರ್ಡನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಸಾವಿರದಷ್ಟು ಫೋಟೋ, ಒಂದು ಕಡೆಯಿಂದ ಕೆಂಪೋ ಕೆಂಪು. ಕೆಲವದರ ಮೂಲೆಯಲ್ಲಿ ಚಾಳೀಸಿನ ಕಡ್ಡಿಯ ನೆರಳು. ಕಾಕಾ ಪಕ್ಕದಲ್ಲಿ ಕೂತು ಒಂದೊಂದೇ ನೋಡುತ್ತಿದ್ದರು. ಒಂದು ಫೋಟೋ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು. ಬಿಳಿ ಹಾಳೆ, ಏಳು ಕಾಯಿ, ಒಂದು ಮುರಿದದ್ದು.

“ಇದು ಆ ಗುರುವಾರದ ಲಾಟು” ಅಂದರು. “ನಿನ್ನ ಗಲ್ಲಾ ತುಂಬಿತ್ತಲ್ಲ, ಆವತ್ತಿಂದು.” ಹಣೆಯ ಮೇಲಿನ ಚಾಳೀಸನ್ನು ಇಳಿಸಿ, ಎದ್ದು, ಆ ವರ್ಷದ ಕಿರ್ದಿ ಹುಡುಕಲು ಕಪಾಟಿಗೆ ಹೋದರು.